ಅರ್ಧ ಆಟ ನೋಡಿ ಬರೆದ ವರದಿ

ಹೋದ ಭಾನುವಾರ ಬೆಳಗ್ಗೆ ಚನ್ನಪಟ್ಟಣದ ನಮ್ಮ ಸುರೇಶನ ಸಲೂನಿನಲ್ಲಿ, ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದ ನಾನು ಇಡೀ ಪತ್ರಿಕಾರಂಗದ ಪರವಾಗಿ ಒಂದು ಭಾಷಣ ಮಾಡಿದೆ.

ಮಾಡಬಾರದಿತ್ತು.

ಸಂದರ್ಭ ಹೇಳುತ್ತೇನೆ. ಸುರೇಶನ ಅಂಗಡಿಯಲ್ಲಿ ಒಂದು ಟೀವಿ ಇದೆ. ಭಾನುವಾರ ಅದರಲ್ಲಿ ಸಿನಿಮಾ ಹಾಕುವಂತಿಲ್ಲ, ಕ್ರಿಕೆಟ್ ಹಾಕುವಂತಿಲ್ಲ. ಹಿಂದಿನ ದಿನ ಯಾವುದೋ ದೂರದ ದೇಶದಲ್ಲಿ ನಡೆದ ಫುಟ್‌ಬಾಲ್ ಪಂದ್ಯದ ಮರುಪ್ರಸಾರವೇ ಆಗಬೇಕು. ಅದನ್ನು ನೋಡಲಿಕ್ಕೆಂದೇ ಇಬ್ಬರು ಬರುತ್ತಾರೆ. ಒಬ್ಬ ಪ್ರದೀಪ, ಬಿಡದಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಇನ್ನೊಬ್ಬ ಇರ್ಫಾನ್, ಮರದ ಆಟಿಕೆ ಮಾಡುವವನು. ಇಬ್ಬರಿಗೂ ಕಟಿಂಗ್ ಬೇಕಿರುವುದಿಲ್ಲ. ಪ್ರದೀಪನಿಗೆ ಕೆಂಪು ಜೆರ್ಸಿಯ ತಂಡ ಅಂದರೆ ಪ್ರಾಣ, ಇರ್ಫಾನನಿಗೆ ನೀಲಿ ಜೆರ್ಸಿಯದು. (ಆ ತಂಡಗಳ ಊರು ನಕಾಶೆಯಲ್ಲಿ ಎಲ್ಲಿದೆ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.)

ಅವತ್ತು ಕೆಂಪಿನವರು ಗೆದ್ದಿದ್ದರು. ಪ್ರದೀಪ ಶುರು ಮಾಡಿದ.

"ಲೇ ಇರ್ಫಾನಾ, ನಿಮ್ಮೋನು ಫಾರ್ವರ್ಡೋ ಇಲ್ಲ ವಾಚ್‌ಮನ್ನೋ? ಆಟ ಪೂರ್ತಿ ನಿಮ್ಮ ಗೋಲ್ ಮುಂದೇನೆ ನಿಂತಿದ್ನಲ್ಲೋ."

"ಕೋಚ್ ಹಿಂದುಕ್ಕೆ ಬಾ ಅಂದವ್ನೆ, ಬಂದವ್ನೆ. ಅದು ಪ್ಲಾನ್ ಕಣ್ಲಾ. ನಿಮ್ಮೋರು ಮೂರ್ ಜನ ನುಗ್ತಾವ್ರೆ, ಇವ್ನು ಅಲ್ಲೇ ಸೊಂಟದ ಮ್ಯಾಲೆ ಕೈ ಇಟ್ಕಂಡು ನಿಂತಿರ್ಬೇಕಿತ್ತಾ?"

"ಪ್ಲಾನಂತೆ ಪ್ಲಾನು! ಫಾರ್ವರ್ಡ್ ಅಂದ್ಮ್ಯಾಲೆ ಗೋಲ್ ಹೊಡೀಬೇಕು. ನೋಡು, ಪೇಪರ್ನಾಗೂ ಬರ್ದವ್ರೆ, ಮೈದಾನದಲ್ಲಿ ಕಾಣೆಯಾದ ಆಟಗಾರ ಅಂತ."

ಇರ್ಫಾನ್ ಕೈ ಎತ್ತಿಬಿಟ್ಟ. "ಪೇಪರ್ನೋರ ಮಾತು ಬುಡು. ಅವ್ರೂ ನಿಮ್ಮ ಕಡೆಯೋರೆ, ಕಾಮೆಂಟ್ರಿ ಹೇಳೋನೂ ನಿಮ್ಮ ಕಡೆಯೋನೆ. ನಿಮ್ಮೋನು ಬಾಲ್ ಆಚೆ ಹೊಡುದ್ರೆ 'ಅಯ್ಯೋ ದುರದೃಷ್ಟ' ಅಂತಾನೆ. ನಮ್ಮೋನು ಹೊಡುದ್ರೆ 'ಗಮನ ಇಲ್ಲ' ಅಂತಾನೆ. ಎಲ್ಲಾ ಮೊದ್ಲೇ ತಲೇಲಿ ಬರ್ಕಂಡು ಬಂದಿರ್ತಾರೆ. ಆಟ ಯಾವನು ನೋಡ್ತಾನೆ?"

ನಾನು ಅಲ್ಲಿಗೆ ಸುಮ್ಮನಿರಬಹುದಿತ್ತು. ಕೆನ್ನೆಯ ಮೇಲೆ ಕತ್ತಿ ಇತ್ತು ಬೇರೆ. ಆದರೆ ಎಷ್ಟಾದರೂ ಹಳೇ ಪೇಪರಿನವನು. ತಲೆ ತಿರುಗಿಸಿದೆ. "ಸಾರ್, ಅಲ್ಲಾಡ್ಬ್ಯಾಡಿ" ಅಂತ ಸುರೇಶ ಕತ್ತಿ ಎತ್ತಿ ಹಿಡಿದ.

"ನೋಡಪ್ಪಾ ಇರ್ಫಾನ್" ಅಂದೆ. "ನಾನೂ ವರ್ಷಗಟ್ಟಲೆ ಆಟದ ವರದಿ ಬರೆದವನು. ಅಭಿಮಾನಿಗೆ ತನ್ನ ತಂಡ ಒಂದೇ ಕಾಣುತ್ತೆ. ವರದಿಗಾರನಿಗೆ ಇಪ್ಪತ್ತೆರಡು ಜನಾನೂ ಕಾಣ್ತಾರೆ. ನಾವು ಕಂಡದ್ದನ್ನ ಬರೀತೀವಿ, ಅಷ್ಟೇ. ನಮಗೆ ಯಾವ ಬಣ್ಣದ ಜೆರ್ಸಿನೂ ಇಲ್ಲ."

ಚೆನ್ನಾಗಿತ್ತು ಅಲ್ಲವೇ? ನನಗೂ ಹಾಗೇ ಅನ್ನಿಸಿತು. ಪ್ರದೀಪ ತಲೆಯಾಡಿಸಿದ. ಇರ್ಫಾನ್ ಬಾಯಿ ಮುಚ್ಚಿಕೊಂಡ. ನಾನು ಮತ್ತೆ ಕನ್ನಡಿಯ ಕಡೆ ತಿರುಗಿದೆ.

ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ಸಾರ್, ಒಂದು ಮಾತು. ಪೂರ್ತಿ ಆಟ ನೋಡೇ ಬರೀತಿದ್ರಾ?"

ಕನ್ನಡಿಯಲ್ಲಿ ನೋಡಿದೆ. ಐವತ್ತೈದು ದಾಟಿದ, ಎತ್ತರದ ಆಸಾಮಿ. ಬಿಳಿ ಅಂಗಿ, ತೊಡೆಯ ಮೇಲೆ ಮಡಿಸಿದ ಪೇಪರ್. ಕಟಿಂಗ್‌ಗೆ ಕಾಯುತ್ತಿದ್ದವರು.

"ಮತ್ತೇನು, ಅರ್ಧ ನೋಡಿ ಬರೀತೀವಾ?" ಅಂದೆ, ನಗುತ್ತಾ.

ಅವರು ನಗಲಿಲ್ಲ. ಕನ್ನಡಿಯೊಳಗೆ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಪೇಪರನ್ನು ಬೆಂಚಿನ ಮೇಲಿಟ್ಟು ಎದ್ದರು. "ಸುರೇಶಾ, ಆಮ್ಯಾಕೆ ಬತ್ತೀನಿ ಕಣಪ್ಪಾ" ಅಂದವರೇ ಹೊರಟುಹೋದರು.

"ಯಾರಯ್ಯಾ ಅವರು?"

"ಸಾತನೂರು ಕಡೆಯೋರು ಸಾರ್, ಸಿದ್ದರಾಜಣ್ಣ ಅಂತ. ಮಗಳನ್ನ ಇಲ್ಲಿಗೇ ಕೊಟ್ಟವ್ರೆ. ನೋಡಕ್ಕೆ ಬಂದಾಗ ನಮ್ಮಲ್ಲೇ ಕಟಿಂಗ್. ಒಳ್ಳೆ ಮನ್ಸ. ವಯಸ್ಸಲ್ಲಿ ಫುಟ್‌ಬಾಲ್ ಆಡ್ತಿದ್ರಂತೆ."

ಸಾತನೂರು. ಸಿದ್ದರಾಜು. ಫುಟ್‌ಬಾಲ್.

ಸುರೇಶ ಉಳಿದರ್ಧ ಗಡ್ಡ ಯಾವಾಗ ಬೋಳಿಸಿದನೋ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದವನೇ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ನನ್ನ ಹಳೇ ವರದಿಗಳ ಕಟಿಂಗುಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೇನೆ. (ಯಾರೂ ಕೇಳದಿದ್ದರೂ.) "ಭಾನುವಾರದ ದಿನ ಏನ್ರೀ ಈ ಧೂಳು?" ಅಂತ ಹೆಂಡತಿ ಗದರಿದಳು. ನಾನು ಹಾಳೆ ತಿರುವುತ್ತಲೇ ಹೋದೆ. ಫೈಲಿನ ಮಧ್ಯದಲ್ಲೆಲ್ಲೋ ಅದು ಸಿಕ್ಕಿತು. ಕಂದು ಬಣ್ಣಕ್ಕೆ ತಿರುಗಿದ ಎರಡು ಕಾಲಂ.

'ಗೋಲು ಮರೆತ ಸಿದ್ದರಾಜು: ಚನ್ನಪಟ್ಟಣಕ್ಕೆ ಕಪ್.'

ಕೆಳಗೆ ನನ್ನದೇ ವಾಕ್ಯ: 'ಸಾತನೂರು ತಂಡದ ಮುಂಚೂಣಿ ಆಟಗಾರ ಸಿದ್ದರಾಜು, ಎದುರಾಳಿಗಳ ಅಬ್ಬರಕ್ಕೆ ಅಂಜಿ, ತಮ್ಮದೇ ಗೋಲಿನ ಮುಂದೆ ಅಡಗಿ ನಿಂತರು. ಗೋಲು ಹೊಡೆಯಬೇಕಾದವರು ಗೋಲು ಕಾಯುತ್ತ ಕಾಲ ಕಳೆದರು.'

ಮೂವತ್ತು ವರ್ಷದ ಹಿಂದಿನದು. ನಾನಾಗ ಬೆಂಗಳೂರಿನ ಒಂದು ಪತ್ರಿಕೆಗೆ ಚನ್ನಪಟ್ಟಣದ ಬಿಡಿ ವರದಿಗಾರ. ಸುತ್ತಮುತ್ತಲ ಊರುಗಳ ತಂಡಗಳು ಆಡುವ ಒಂದು ಟೂರ್ನಮೆಂಟ್ ನಮ್ಮೂರ ಮೈದಾನದಲ್ಲಿ ನಡೆದಿತ್ತು. ಫೈನಲ್‌ನಲ್ಲಿ ನಮ್ಮೂರೂ ಸಾತನೂರೂ. ಆ ಹೆಡ್ಡಿಂಗ್ ನನಗೆ ಎಷ್ಟು ಹೆಸರು ತಂದಿತ್ತು ಗೊತ್ತೇ? ಆಫೀಸಿನಿಂದ ಫೋನ್ ಮಾಡಿ ಭೇಷ್ ಅಂದಿದ್ದರು. ನಮ್ಮೂರಿನ ಹೋಟೆಲಿನಲ್ಲಿ ಜನ ಅದನ್ನು ಬಾಯಿಪಾಠ ಹೇಳುತ್ತಿದ್ದರು.

ಈಗ ಫೈಲಿನಲ್ಲಿ ಇಲ್ಲದ್ದನ್ನು ಹೇಳಬೇಕು.

ಅವತ್ತು ಮಧ್ಯಾಹ್ನ ನಾನು ಮಾಗಡಿಯಲ್ಲಿದ್ದೆ. ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣ. ಎಲೆಯ ಮೇಲೆ ಒಬ್ಬಟ್ಟು ಬೀಳುವವರೆಗೂ ಏಳಬೇಡ ಅಂದರು, ಏಳಲಿಲ್ಲ. ಎರಡನೆಯದಕ್ಕೂ ಕೂತೆ. ಬಸ್ಸು ತಪ್ಪಿತು. ಇನ್ನೊಂದು ಬಸ್ಸು ಹಿಡಿದು ರಾಮನಗರಕ್ಕೆ ಬಂದು, ಅಲ್ಲಿಂದ ಮತ್ತೊಂದು ಹಿಡಿದು ಮೈದಾನ ತಲುಪಿದಾಗ ಆಟ ಮುಗಿಯುವುದಕ್ಕೆ ಇಪ್ಪತ್ತೇ ನಿಮಿಷ ಬಾಕಿ ಇತ್ತು. ಆ ಇಪ್ಪತ್ತು ನಿಮಿಷದಲ್ಲಿ ಸಾತನೂರಿನ ಫಾರ್ವರ್ಡ್ ಒಮ್ಮೆಯೂ ಮುಂದೆ ಬರಲಿಲ್ಲ. ನಾನು ಕಂಡದ್ದು ಅಷ್ಟು, ಮತ್ತೆ ಕೊನೆಯಲ್ಲಿ ಧೂಳಿನ ನಡುವೆ ಸಾತನೂರಿನ ಗೋಲು ಸೇರಿದ ಒಂದು ಚೆಂಡು. ಉಳಿದದ್ದನ್ನು ಗೆದ್ದ ಖುಷಿಯಲ್ಲಿದ್ದ ನಮ್ಮೂರವರ ಬಾಯಿಂದ ಕೇಳಿಕೊಂಡೆ. ಎಸ್‌ಟಿಡಿ ಬೂತಿಗೆ ಓಡಿ ಫ್ಯಾಕ್ಸ್ ಕಳಿಸಿದೆ.

ಜೆರ್ಸಿ ಇಲ್ಲವಂತೆ ನನಗೆ!

ಎರಡು ದಿನ ಹಾಗೂ ಹೀಗೂ ತಳ್ಳಿದೆ. ಮಂಗಳವಾರ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಟಿಂಗ್ ತಗೊಂಡು ಎರಡು ಸಲ ಓದಿದಳು. "'ಅಂಜಿ' ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದಳು. ಕಟಿಂಗನ್ನು ನನ್ನ ಕೈಗೆ ವಾಪಸ್ ಕೊಟ್ಟಳು. "ಹೋಗಿಬನ್ನಿ" ಅಂದಳು.

ಬುಧವಾರ ಬೆಳಗ್ಗೆ ಸ್ಕೂಟರ್ ತೆಗೆದೆ.

ಸಾತನೂರಿಗೆ ಸ್ವಲ್ಪ ಮುಂಚೆ ಎಡಕ್ಕೆ ತಿರುಗಿ, ಹಿಪ್ಪುನೇರಳೆ ತೋಟಗಳ ನಡುವೆ ಹೋದರೆ ಅವರ ಊರು. ವಿಳಾಸ ಸುರೇಶ ಕೊಟ್ಟಿದ್ದ. ಮನೆ ಬಾಗಿಲಲ್ಲಿ ಅವರ ಹೆಂಡತಿ ಸಿಕ್ಕಿದರು. "ಅವ್ರು ಹುಳದ ಮನೇಲವ್ರೆ, ಹಿತ್ಲಿಗೆ ಹೋಗಿ" ಅಂದರು.

ರೇಷ್ಮೆ ಹುಳ ಸಾಕುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಾಲಿಗೆ ಅಂಟಿಕೊಂಡು ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ಕಿಟಕಿಗೆಲ್ಲ ನೊಣ ಬರದಂತೆ ನೈಲಾನ್ ಬಲೆ ಹೊಡೆದಿದ್ದರು. ಬಲೆಯಾಚೆ ಸಿದ್ದರಾಜು ಸೊಪ್ಪಿನ ಕಟ್ಟು ಬಿಚ್ಚಿ ಹುಳಗಳ ಮೇಲೆ ಹರಡುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು. ಆಮೇಲೆ ಮತ್ತೆ ಹರಡತೊಡಗಿದರು.

"ಅಲ್ಲೇ ನಿಂತ್ಕಳಿ ಸಾರ್, ಒಳಕ್ಕೆ ಬರ್ಬ್ಯಾಡಿ. ಹುಳ ಪೊರೆ ಬುಟ್ಟು ಕಡೇ ಜ್ವರ ಎದ್ದವೆ. ಹೊಟ್ಟೆಬಾಕ ನನ್ಮಕ್ಳು, ಒಂದು ಗಳಿಗೆ ಸೊಪ್ಪು ತಡೆಯಂಗಿಲ್ಲ."

ಹಾಗಾಗಿ ನಾನು ಕಿಟಕಿಯ ಹೊರಗೆ ಬಿಸಿಲಲ್ಲಿ ನಿಂತು, ಬಲೆಗೆ ಬಾಯಿ ಹತ್ತಿರ ಇಟ್ಟು ಮಾತಾಡಬೇಕಾಯಿತು. ಮೂವತ್ತು ವರ್ಷ ತಡವಾಗಿ ಬಂದವನಿಗೆ ಅದೇ ಸರಿಯಾದ ಜಾಗ.

"ಸಿದ್ದರಾಜು ಅವರೇ, ಆ ವರದಿ ಬರೆದದ್ದು ನಾನು" ಅಂದೆ.

"ಗೊತ್ತು ಸಾರ್. ಆ ಕಾಲದಲ್ಲೇ ನಿಮ್ಮ ಮುಖ ಗುರುತಿಟ್ಕಂಡಿದ್ದೆ."

"ನಾನು ಪೂರ್ತಿ ಆಟ ನೋಡಿರಲಿಲ್ಲ."

"ಅದೂ ಗೊತ್ತು. ನೋಡಿದ್ರೆ ಅಂಗೆ ಬರೀತಿರ್ಲಿಲ್ಲ. ಕೆಟ್ಟೋರ ಥರ ಕಾಣಲ್ಲ ನೀವು."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳಲೆಂದೇ ಹೋಗಿದ್ದೆನೇನೋ. ಅವರು ಸೊಪ್ಪು ಹರಡುತ್ತಲೇ ಅವತ್ತಿನ ಆಟ ಹೇಳಿದರು. ಒಂದೊಂದು ಪಾಸೂ ನೆನಪಿತ್ತು ಅವರಿಗೆ.

ಸಾತನೂರಿನವರು ಬಂದದ್ದೇ ಹನ್ನೊಂದು ಜನ. ಹನ್ನೆರಡನೆಯವನಿಗೆ ಬಸ್ಸು ಸಿಕ್ಕಿರಲಿಲ್ಲ. ಮೊದಲರ್ಧದಲ್ಲಿ ಸಿದ್ದರಾಜು ಎರಡು ಸಲ ಗೋಲಿಗೆ ಹೊಡೆದರು, ಒಂದು ಕಂಬಕ್ಕೆ ಬಡಿದು ಬಂತು. ಆಮೇಲೆ ಅವರ ಹಿಂದಿನ ಸಾಲಿನ ಹುಡುಗನೊಬ್ಬನ ಮಂಡಿ ತಿರುಗಿತು. ಎತ್ತಿಕೊಂಡು ಹೋಗಿ ಮರದ ಕೆಳಗೆ ಮಲಗಿಸಿದರು. ಬದಲಿ ಆಟಗಾರನಿಲ್ಲ. ಅವರ ಪೀಟಿ ಮೇಷ್ಟ್ರು ಸಿದ್ದರಾಜುವನ್ನು ಕರೆದು, 'ನೀನು ಹಿಂದಕ್ಕೆ ಹೋಗು. ಅವರ ಗೋಪಿಯನ್ನ ಬಿಡಬೇಡ. ಡ್ರಾ ಆದ್ರೆ ಸಾಕು, ಪೆನಾಲ್ಟೀಲಿ ನೋಡ್ಕೊಳ್ಳೋಣ' ಅಂದರು. ಚನ್ನಪಟ್ಟಣದ ಮುಖ್ಯ ಗೋಲುಗಾರ ಗೋಪಿ. ನನ್ನ ಗೆಳೆಯ.

"ಮುಂದುಕ್ಕೆ ಹೋಗಕ್ಕೆ ಕಾಲು ತುಡೀತಿತ್ತು ಸಾರ್. ಆದ್ರೆ ಮೇಷ್ಟ್ರು ಹೇಳವ್ರೆ. ನಾನು ಬುಟ್ಟು ಹೋದ್ರೆ ಹಿಂದೆ ಯಾರವ್ರೆ? ಹತ್ತೇ ಜನ ಆಡ್ತಿದ್ವಿ." ಇನ್ನೊಂದು ಕಟ್ಟು ಬಿಚ್ಚಿದರು. "ನೀವು ಎಣಿಸ್ಲಿಲ್ವಾ ಸಾರ್?"

ಇಲ್ಲ. ನಾನು ಎಣಿಸಿರಲಿಲ್ಲ. ಇಪ್ಪತ್ತೆರಡು ಜನಾನೂ ಕಾಣ್ತಾರೆ ಎಂದು ಸಲೂನಿನಲ್ಲಿ ಕೊಚ್ಚಿಕೊಂಡ ನಾನು, ಇಪ್ಪತ್ತು ನಿಮಿಷ ಮೈದಾನದ ಅಂಚಿನಲ್ಲಿ ನಿಂತು, ಒಂದು ತಂಡದಲ್ಲಿ ಒಬ್ಬ ಕಡಿಮೆ ಇದ್ದಾನೆ ಎಂಬುದನ್ನು ಗಮನಿಸಿರಲಿಲ್ಲ.

"ಆಮೇಲೆ ಏನಾಯ್ತು? ನಿಮಗೆ ಅಂತ ಕೇಳ್ತಿದ್ದೀನಿ" ಅಂದೆ. ಅಷ್ಟು ಕೇಳಲೂ ಧೈರ್ಯ ಒಟ್ಟುಗೂಡಿಸಬೇಕಾಯಿತು.

"ಬಿಡದಿ ಕಡೆ ಆಗ ಹೊಸ ಫ್ಯಾಕ್ಟರಿಗಳು ಬತ್ತಿದ್ವಲ್ಲ. ಒಂದು ಫ್ಯಾಕ್ಟರಿಯೋರು ತಂಡ ಕಟ್ಟಕ್ಕೆ ಅಂತ ಆಡೋರ್ನ ಕರ್ದಿದ್ರು. ಆಡಿದ್ರೆ ಅಲ್ಲೇ ಕೆಲ್ಸ. ನಾನೂ ಹೋದೆ. ಸಾಹೇಬ್ರ ಮೇಜಿನ ಮ್ಯಾಲೆ ನಿಮ್ಮ ಪೇಪರ್ ಇತ್ತು. ನನ್ನ ಹೆಸರು ಕೇಳಿದ್ರು, ಪೇಪರ್ ಕಡೆ ನೋಡಿದ್ರು, ಒಸಿ ನಕ್ರು."

"ಅದಕ್ಕೇ ತಗೊಳ್ಳಲಿಲ್ವಾ?"

"ಅದ್ಕೇನೆ ಅಂತ ಎಂಗೆ ಹೇಳಾನ ಸಾರ್? ನನಗಿಂತ ಚೆನ್ನಾಗಿ ಆಡೋರೂ ಬಂದಿದ್ರು. ಸುಳ್ಳು ಹೇಳ್ಬಾರ್ದು. ಆದ್ರೆ ಬಾಲ್ ಮುಟ್ಟಕ್ಕೂ ನನಗೆ ಬುಡ್ಲಿಲ್ಲ."

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಲೋಟ ಕೊಡುತ್ತಾ, "ಯಾರು, ಏನ್ ಸಮಾಚಾರ?" ಅಂತ ಗಂಡನನ್ನು ಕೇಳಿದರು. ಸಿದ್ದರಾಜು, "ಪೇಪರ್ನೋರು. ಹಳೇ ಪರಿಚಯ" ಅಂದರು. ಆಯಮ್ಮನಿಗೆ ಅರ್ಥವಾಯಿತು.

"ಓ, ನೀವೇನಾ ಅದು?" ಅಂದರು. ಲೋಟ ಕೊಟ್ಟ ಕೈ ಹಿಂದಕ್ಕೆ ಹೋಯಿತು. "ಮದ್ವೆ ಆಗಿ ಬಂದ ಹೊಸದ್ರಲ್ಲಿ ಊರ್ನೋರು ನನ್ನ ಹೆಸರಿಡ್ದು ಕರೀತಿರ್ಲಿಲ್ಲ. 'ಗೋಲ್ ಮರ್ತೋನ ಹೆಂಡ್ತಿ' ಅಂತಿದ್ರು. ಬಾವಿ ತಾವ ನೀರಿಗೆ ಹೋದ್ರೂ ಅದೇ ನಗಾಟ. ಅದು ಯಾಕೆ ಅಂತ ನನಗೆ ಗೊತ್ತಾಗಕ್ಕೇ ಒಂದು ವರ್ಷ ಹಿಡೀತು. ಕೇಳುದ್ರೆ ಇವ್ರು ಬಾಯಿ ಬುಡ್ತಿರ್ಲಿಲ್ಲ."

"ಬುಡಮ್ಮಿ, ಕಾಫಿ ಕುಡೀಲಿ" ಅಂದರು ಸಿದ್ದರಾಜು.

ನಾನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಆಯಮ್ಮ ಒಳಗೆ ಹೋದ ಮೇಲೆ ಅವರು ಒಂದು ಮಾತು ಹೇಳಿದರು. ಅದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯದಿದ್ದರೆ ಮತ್ತೆ ಅರ್ಧ ವರದಿಯಾಗುತ್ತದೆ.

ಸಿದ್ದರಾಜು ಅವರ ತಂದೆಗೆ ಓದು ಬರುತ್ತಿರಲಿಲ್ಲ. ಮಗ ಕಾಲಲ್ಲಿ ಚೆಂಡು ಒದೆಯುವುದರಿಂದ ಏನು ಪ್ರಯೋಜನ ಎಂದು ಬೈಯುತ್ತಲೇ ಇದ್ದವರು. ಫೈನಲ್ ಆದ ಮರುದಿನ, ನಿನ್ನ ಮಗನ ಹೆಸರು ದಪ್ಪಕ್ಷರದಲ್ಲಿ ಪೇಪರ್ನಾಗೆ ಬಂದೈತೆ ಎಂದು ಯಾರೋ ಅವರಿಗೆ ಹೇಳಿದರು. ಅವರು ನಡೆದುಕೊಂಡು ಸಾತನೂರು ಬಸ್‌ಸ್ಟ್ಯಾಂಡಿಗೆ ಹೋದರು. ಪೇಪರ್ ತಗೊಂಡರು. ಟೀ ಅಂಗಡಿಯ ಮುಂದೆ ಕೂತಿದ್ದವರಿಗೆಲ್ಲ ತಮ್ಮ ಕಡೆಯಿಂದ ಟೀ ಹೇಳಿದರು. ಪೇಪರನ್ನು ಅಂಗಡಿಯವನ ಕೈಗೆ ಕೊಟ್ಟು, 'ಜೋರಾಗಿ ಓದಪ್ಪಾ, ಎಲ್ರಿಗೂ ಕೇಳ್ಲಿ' ಅಂದರು.

ಅವನು ಓದಿದ. ಜೋರಾಗಿಯೇ.

"ನಾನು ಅಲ್ಲಿರ್ಲಿಲ್ಲ ಸಾರ್. ಅಂಗಡಿಯೋನು ಆಮ್ಯಾಲೆ ನನ್ನ ತಾವ ಬಂದು ಅತ್ಕಂಡ. ಮೊದ್ಲು ಮನ್ಸಲ್ಲಿ ಓದ್ಕಂಡಿದ್ರೆ ಬ್ಯಾರೆ ಏನಾರ ಹೇಳ್ಬುಡ್ತಿದ್ದೆ ಕಣಣ್ಣಾ, ಓದ್ತಾ ಓದ್ತಾ ಬಾಯಿಗೆ ಬಂದ್ಬುಡ್ತು ಅಂದ."

"ನಿಮ್ಮ ತಂದೆ ಏನಂದ್ರು?"

"ಮನೆಗೆ ಬಂದು ಉಣ್ಣಕ್ಕೆ ಕೂತ್ರು. 'ಹೆದರ್ಕಂಡ್ಯಂತಲ್ಲಪ್ಪ' ಅಂದ್ರು. ಬೈದ್ರೂ ಪರ್ವಾಗಿರ್ಲಿಲ್ಲ, ಮೆತ್ತಗೆ ಅಂದ್ರು. ಇಲ್ಲ ಅಪ್ಪಾ, ಮೇಷ್ಟ್ರು ಹಿಂದೆ ನಿಲ್ಲು ಅಂದಿದ್ರು ಅಂತ ಹೇಳ್ದೆ. ಪೇಪರ್ನಾಗೆ ಅಂಗಿಲ್ವಲ್ಲ ಅಂದ್ರು. ಓದಕ್ಕೆ ಬರ್ದಿದ್ದೋರಿಗೆ ಅಚ್ಚಾಗಿದ್ದೆಲ್ಲ ಸತ್ಯ ಅಲ್ವಾ ಸಾರ್."

ಬಲೆಯಾಚೆ ಹುಳಗಳು ಸೊಪ್ಪು ಮೇಯುವ ಸದ್ದು ಮಾತ್ರ ಕೇಳುತ್ತಿತ್ತು.

ನಾನು ಕೇಳಿದೆ, "ಈಗಲಾದರೂ ತಿದ್ದಿ ಬರೀತೀನಿ. ನನ್ನ ಅಂಕಣ ಇದೆ, ಪ್ರತಿ ವಾರ ಬರುತ್ತೆ. ಬರೆಯಲಾ?"

"ಅಪ್ಪ ಹೋಗಿ ವರ್ಷಗಳಾದ್ವು" ಅಂದರು. ಸೊಪ್ಪಿನ ಖಾಲಿ ಚೀಲ ಮಡಿಸಿದರು. "ಬರೀರಿ ಸಾರ್, ಬ್ಯಾಡ ಅನ್ನಲ್ಲ. ಆದ್ರೆ ನನ್ನ ಹೊಗಳ್ಬ್ಯಾಡಿ. ಆಡಿದ್ದು ಎಷ್ಟೋ ಅಷ್ಟು ಬರೀರಿ."

ವಾಪಸ್ ಬರುವಾಗ ದಾರಿಯಲ್ಲಿ ಒಂದು ಯೋಚನೆ ಬಂತು. ಇದೂ ನಾನು ನೋಡದ ಆಟವೇ. ಅವತ್ತು ಗೆದ್ದವರ ಮಾತು ಕೇಳಿ ಬರೆದೆ, ಇವತ್ತು ಸೋತವರ ಮಾತು ಕೇಳಿ ಬರೆದರೆ ಆಯಿತೇ? ಇನ್ನೊಬ್ಬರನ್ನು ವಿಚಾರಿಸಬೇಕು. ಹಾಗಾಗಿ ಮನೆಗೆ ಹೋಗದೆ ಗೋಪಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವತ್ತಿನ ನಮ್ಮ ಹೀರೋ. ಈಗ ಹೊಟ್ಟೆ ಬಂದಿದೆ, ಕೌಂಟರಿನ ಹಿಂದೆ ಕೂತು ನಲ್ಲಿ ಮಾರುತ್ತಾನೆ. ಕಟಿಂಗ್ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದ.

"'ಗೋಪಿಯವರ ಮಿಂಚಿನ ಗೋಲು'! ಥೂ!" ಅಂತ ನಕ್ಕ. "ಕಾರ್ನರ್ನಿಂದ ಬಂದ ಬಾಲು ಯಾವನ ಬೆನ್ನಿಗೋ ತಗುಲಿ ನನ್ನ ಮಂಡಿಗೆ ಬಡ್ದು ಒಳಕ್ಕೆ ಹೋಯ್ತು. ನಾನು ಬ್ಯಾರೆ ಕಡೆ ನೋಡ್ತಿದ್ದೆ ಕಣ್ಲಾ."

"ಆ ಸಿದ್ದರಾಜು?"

ಗೋಪಿಯ ನಗು ನಿಂತಿತು. "ಅವ್ನಾ? ನನ್ನ ಜಲ್ಮದಲ್ಲಿ ಅಂಥ ಆಟಗಾರನ್ನ ಎದುರ್ಗೆ ನೋಡಿಲ್ಲ. ಉಸಿರಾಡಕ್ಕೆ ಬುಡ್ಲಿಲ್ಲ. ಎರಡು ಸಲ ಗೋಲ್ ಗೆರೆ ಮ್ಯಾಲಿಂದ ಬಾಲ್ ತೆಗೆದ. ಹತ್ತು ಜನ ಆಡ್ತಿದ್ರು ಅವ್ರು."

"ನಿಂಗೆ ಗೊತ್ತಿತ್ತಾ?"

"ಗೊತ್ತಿರದೇನು! ನಿಂಗೂ ಹೇಳುದ್ನಲ್ಲೋ."

"ಯಾವಾಗ?"

"ಅವತ್ತೇ. ಕಪ್ ಕೊಟ್ಟ ಮ್ಯಾಲೆ ನೀನು ಎಸ್‌ಟಿಡಿ ಬೂತಿಗೆ ಓಡ್ತಿದ್ದೆ. ನಾನೇ ತಡೆದು ನಿಲ್ಸಿ, ಆ ಸಾತನೂರೋನು ಫಾರ್ವರ್ಡ್ ಆಗಿದ್ರೂ ಹಿಂದೆ ಬಂದು ನನ್ನ ಕಟ್ಟಾಕ್ಬುಟ್ಟ ಕಣ್ಲಾ, ಅವ್ನ ಹೆಸರೂ ಹಾಕು ಅಂದೆ." ಕಟಿಂಗನ್ನು ನನ್ನ ಕಡೆ ತಳ್ಳಿದ. "ಹಾಕಿದ್ದೀಯ. ಎಂಗೆ ಹಾಕಿದ್ದೀಯ ನೋಡು."

ಓದುಗರೇ, ನನಗೆ ಆ ಮಾತು ನೆನಪಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಆದರೆ ಗೋಪಿಗೆ ಸುಳ್ಳು ಹೇಳುವ ಅಗತ್ಯವಿಲ್ಲ. ಸುಳ್ಳು ಹೇಳುವವನಾಗಿದ್ದರೆ ತನ್ನ ಗೋಲನ್ನು ಮಿಂಚಿನದಾಗಿಯೇ ಉಳಿಸಿಕೊಳ್ಳುತ್ತಿದ್ದ. ಇಷ್ಟು ದಿನ ನನ್ನ ತಪ್ಪು ಮಾಗಡಿಯ ಒಬ್ಬಟ್ಟಿನದು, ತಡವಾದ ಬಸ್ಸಿನದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ಅದೂ ಇಲ್ಲ. ನಿಜ ನನ್ನ ಕಿವಿಗೆ ಬಿದ್ದಿತ್ತು. ಬೂತಿಗೆ ಓಡುವಾಗ ತಲೆಯಲ್ಲಿ ಹೆಡ್ಡಿಂಗ್ ಆಗಲೇ ತಯಾರಾಗಿತ್ತು. 'ಗೋಲು ಮರೆತ ಸಿದ್ದರಾಜು.' ಎಷ್ಟು ಚೆಂದ ಕೂತಿತ್ತು! ಅದನ್ನು ಬಿಡಲು ಮನಸ್ಸು ಬಂದಿರಲಿಕ್ಕಿಲ್ಲ.

ಇರ್ಫಾನ್ ಹೇಳಿದ್ದೂ ಅದನ್ನೇ ಅಲ್ಲವೇ? ಮೊದಲೇ ತಲೆಯಲ್ಲಿ ಬರೆದುಕೊಂಡು ಬಂದಿರುತ್ತಾರೆ, ಆಟ ಯಾವನು ನೋಡ್ತಾನೆ ಅಂತ.

ಇದು ಪೇಪರಿನವರ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಹೆಣ್ಣು ಕೊಡುವವರು ಪಕ್ಕದ ಮನೆಯ ಹುಡುಗನ ಬಗ್ಗೆ ವಿಚಾರಿಸಲು ಬರುತ್ತಾರೆ. ನಾವು ಒಂದೇ ಸಾಲು ಹೇಳಿ ಕಳಿಸುತ್ತೇವೆ. "ಸ್ವಲ್ಪ ಮುಂಗೋಪಿ." ಒಂದು ಸಂಜೆ ಅವನು ಗೇಟಿನಲ್ಲಿ ಕೂಗಾಡಿದ್ದು ಕೇಳಿಸಿಕೊಂಡಿದ್ದೇವೆ. ಒಳಗೆ ಏನಾಗಿತ್ತು, ಯಾರಿಗೆ ಹುಷಾರಿರಲಿಲ್ಲ, ಯಾರು ಮೊದಲು ಕೂಗಿದ್ದು, ನಮಗೆ ಗೊತ್ತೇ? ಸೊಸೆ ಸಿಡುಕಿ, ಮೇಷ್ಟ್ರು ಸೋಮಾರಿ, ಆ ಮನೆಯವರು ಜಂಭದವರು. ದಿನಕ್ಕೆ ಎಷ್ಟು ವರದಿ ಕಳಿಸುತ್ತೇವೆ ನಾವು! ನಮ್ಮದು ಅಚ್ಚಾಗುವುದಿಲ್ಲ, ಅದೊಂದೇ ವ್ಯತ್ಯಾಸ. ಅಚ್ಚಾಗದಿದ್ದರೂ ಎಲ್ಲೋ ಒಂದು ಟೀ ಅಂಗಡಿಯ ಮುಂದೆ ಅದನ್ನು ಯಾರೋ ಜೋರಾಗಿ ಓದುತ್ತಿರುತ್ತಾರೆ.

ಇರಲಿ. ತಿದ್ದುಪಡಿಗೆ ಬರುತ್ತೇನೆ. ಮೂವತ್ತು ವರ್ಷ ತಡವಾದ ಪಂದ್ಯದ ವರದಿ ಇಲ್ಲಿದೆ.

'ಚನ್ನಪಟ್ಟಣದ ಮೈದಾನದಲ್ಲಿ ನಡೆದ ಫೈನಲ್‌ನಲ್ಲಿ ಚನ್ನಪಟ್ಟಣ ತಂಡ ಸಾತನೂರು ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಮೊದಲರ್ಧದಲ್ಲಿ ಸಾತನೂರಿನ ಮುಂಚೂಣಿ ಆಟಗಾರ ಸಿದ್ದರಾಜು ಹೊಡೆದ ಚೆಂಡು ಕಂಬಕ್ಕೆ ತಾಗಿ ಹಿಂತಿರುಗಿತು. ಆಟಗಾರನೊಬ್ಬ ಗಾಯಗೊಂಡು ಹೊರಹೋದ ಮೇಲೆ ಸಾತನೂರು ಹತ್ತು ಜನರೊಂದಿಗೆ ಆಡಿತು. ಶಿಕ್ಷಕರ ಸೂಚನೆಯಂತೆ ಸಿದ್ದರಾಜು ಹಿಂದಿನ ಸಾಲಿಗೆ ಬಂದು ಚನ್ನಪಟ್ಟಣದ ಗೋಪಿಯವರನ್ನು ತಡೆದು ನಿಲ್ಲಿಸಿದರು. ಎರಡು ಸಲ ಗೋಲಿನ ಗೆರೆಯ ಮೇಲಿಂದ ಚೆಂಡನ್ನು ಹೊರಹಾಕಿದರು. ಕೊನೆಯಲ್ಲಿ ಕಾರ್ನರ್‌ನಿಂದ ಬಂದ ಚೆಂಡು ಗೋಪಿಯವರ ಮಂಡಿಗೆ ತಾಗಿ ಗೋಲು ಸೇರಿತು. ಸಿದ್ದರಾಜು ಯಾರಿಗೂ ಅಂಜಿರಲಿಲ್ಲ. ಹಾಗೆ ಬರೆದ ವರದಿಗಾರ ಆಟ ಪೂರ್ತಿ ನೋಡಿರಲಿಲ್ಲ, ತಿಳಿದವರು ಹೇಳಿದ್ದನ್ನೂ ಬರೆದಿರಲಿಲ್ಲ.'

ಅಚ್ಚಿಗೆ ಕಳಿಸುವ ಮುಂಚೆ ಈ ಸಲ ಒಂದು ಕೆಲಸ ಮಾಡಿದೆ. ಸಿದ್ದರಾಜುಗೆ ಫೋನ್ ಮಾಡಿ ಅಕ್ಷರ ಬಿಡದೆ ಓದಿ ಹೇಳಿದೆ.

"ಸಾರ್, ಒಂದು ತಪ್ಪೈತೆ" ಅಂದರು.

"ಏನು, ಹೇಳಿ."

"ಎರಡು ಸಲ ಅಲ್ಲ. ಗೆರೆ ಮ್ಯಾಲಿಂದ ನಾನು ಬಾಲ್ ತೆಗೆದಿದ್ದು ಒಂದೇ ಸಲ. ಇನ್ನೊಂದು ನಮ್ಮ ಗೋಲ್‌ಕೀಪರ್ ಪುಟ್ಟಸ್ವಾಮಿ ಬಿದ್ದು ಕೈಲಿ ತಡೆದಿದ್ದು. ಗೋಪಣ್ಣಂಗೆ ಆ ಧೂಳಲ್ಲಿ ಕಂಡಿರಕಿಲ್ಲ. ಅವ್ನ ಹೆಸರು ಹಾಕಿ ಸಾರ್. ಕೋಡಿಹಳ್ಳಿಲವ್ನೆ, ಪೇಪರ್ ತರುಸ್ತಾನೆ, ಓದ್ತಾನೆ."

ಮೇಲಿನ ವರದಿಯಲ್ಲಿ ಆ ಒಂದು ಸಾಲನ್ನು ಬೇಕೆಂದೇ ತಿದ್ದದೆ ಬಿಟ್ಟಿದ್ದೇನೆ. ನಾನು ಎಲ್ಲಿ ಮತ್ತೆ ಎಡವಿದೆ, ಯಾರು ಹಿಡಿದರು ಎಂದು ನಿಮಗೂ ಕಾಣಲಿ. ಆ ಎರಡನೆಯ ಚೆಂಡು ಪುಟ್ಟಸ್ವಾಮಿಯವರದು.

ತನ್ನನ್ನು ಒಂದು ಗುಲಗಂಜಿಯಷ್ಟು ಹೆಚ್ಚು ಹೊಗಳಿದ್ದನ್ನೂ ಒಪ್ಪದ ಈ ಮನುಷ್ಯನನ್ನೇ ಅಲ್ಲವೇ ನಾನು ಹೇಡಿ ಎಂದು ಬರೆದು, ಅವರಪ್ಪನಿಗೆ ಕೇಳಿಸಿದ್ದು?